ಒಂದು ಕ್ಲಾರಿನೆಟ್ಟು, ಎರಡು ಪದ್ಧತಿ

ನಗರ ಸಾರಿಗೆ ಸಂಸ್ಥೆಯ ಕಳೆದ ವಸ್ತುಗಳ ವಿಭಾಗದಲ್ಲಿ ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ವಸ್ತುವೂ ಕಳೆದಿರಲಿಲ್ಲ. ಈ ಬಗ್ಗೆ ತುರ್ತು ಕ್ರಮ ಕೈಗೊಳ್ಳುವುದು ಅವಶ್ಯವೆಂದು ಆಡಳಿತ ಮಂಡಳಿ ತೀರ್ಮಾನಿಸಿತು.

ವಿಭಾಗ ಇದ್ದದ್ದು ಮುಖ್ಯ ಕಚೇರಿಯ ನೆಲಮಾಳಿಗೆಯಲ್ಲಿ. ಹದಿನಾಲ್ಕು ಕಬ್ಬಿಣದ ಕಪಾಟು, ಒಂದು ಮೇಜು, ಕಂಬಿ ಹಾಕಿದ ಒಂದು ಕಿಟಕಿ, ಮತ್ತು ಕಪಾಟಮ್ಮ. ಆಕೆಗೆ ಸೇವಾ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ರಜೆ ಹಾಕದ, ಬಡ್ತಿ ಕೇಳದ ಗುಮಾಸ್ತೆಯ ಸೇವಾ ಪುಸ್ತಕವನ್ನು ಬಿಚ್ಚಿ ನೋಡುವ ಪ್ರಸಂಗ ಯಾರಿಗೂ ಬಂದಿರಲಿಲ್ಲ. ಬಸ್ಸಿನಲ್ಲಿ ಜನ ಬಿಟ್ಟುಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಯಾರದೋ ಎಕ್ಸ್‌ರೇ, ಇವೆಲ್ಲ ಸಂಜೆ ಕಂಡಕ್ಟರುಗಳ ಕೈಯಿಂದ ಆಕೆಯ ಮೇಜಿಗೆ ಬರುತ್ತಿದ್ದವು. ಆಕೆ ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡು ಕಪಾಟಿಗೆ ಸೇರಿಸುತ್ತಿದ್ದಳು. ಕಳೆದುಕೊಂಡವರು ಕಿಟಕಿಗೆ ಬಂದು ಹೇಳಿದರೆ ಎದ್ದುಹೋಗಿ ತಂದುಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದಳು. ಇದಕ್ಕೆಲ್ಲ ಸರಾಸರಿ ನಾಲ್ಕು ನಿಮಿಷ. ಹಲ್ಲಿನ ಸೆಟ್ಟಿಗೆ ಮಾತ್ರ ಆರು, ಯಾಕೆಂದರೆ ಹಾಕಿ ನೋಡಬೇಕಾಗುತ್ತಿತ್ತು.

ಹೀಗಿರುವಾಗ ಸಂಸ್ಥೆಯ ನಿರ್ದೇಶಕರು ಒಂದು ಸಮ್ಮೇಳನಕ್ಕೆ ಹೋಗಿಬಂದರು. ಬರುವಾಗ ಒಂದು ಬಟ್ಟೆಯ ಚೀಲ, ಒಂದು ಪೆನ್ನು, ಒಂದು ಟಿಪ್ಪಣಿ ಪುಸ್ತಕ ತಂದರು. ಮೂರರ ಮೇಲೂ ‘ಪರಿವರ್ತನೆ’ ಎಂದು ಅಚ್ಚಾಗಿತ್ತು. ಮರುದಿನವೇ, ದಾರಿ ಕೇಳಿಕೊಂಡು, ತಮ್ಮ ಅಧಿಕಾರಾವಧಿಯಲ್ಲಿ ಮೊದಲ ಸಲ ನೆಲಮಾಳಿಗೆಗೆ ಇಳಿದರು.

“ಒಂದು ವಸ್ತು ಹಿಂದಿರುಗಿಸೋಕೆ ಎಷ್ಟು ಹೊತ್ತು ತಗೋತೀರಿ?”

“ನಾಲ್ಕು ನಿಮಿಷ ಸಾರ್.”

“ಯಾವ ಪದ್ಧತಿಯಲ್ಲಿ?”

ಇಂಥ ಪ್ರಶ್ನೆಯನ್ನು ಕಪಾಟಮ್ಮನಿಗೆ ಯಾರೂ ಕೇಳಿರಲಿಲ್ಲ. ಒಂದು ಕ್ಷಣ ಯೋಚಿಸಿ, “ಎದ್ದು ಹೋಗ್ತೀನಿ, ತರ್ತೀನಿ, ಕೊಡ್ತೀನಿ ಸಾರ್,” ಅಂದಳು.

ನಿರ್ದೇಶಕರು ಹೊಸ ಪುಸ್ತಕದ ಮೊದಲ ಪುಟದಲ್ಲಿ ‘ಪದ್ಧತಿ ಇಲ್ಲ’ ಎಂದು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು.

ವಾರದೊಳಗೆ ಆದೇಶ ಹೊರಬಿತ್ತು:

“ಕಳೆದ ವಸ್ತುಗಳನ್ನು ಹಿಂದಿರುಗಿಸುವ ಸಾಫ್ಟ್‌ವೇರ್ ಒಂದನ್ನು ನಿರ್ಮಿಸತಕ್ಕದ್ದು. ಸದರಿ ಸಾಫ್ಟ್‌ವೇರನ್ನು ಸಾಂಪ್ರದಾಯಿಕ ಪದ್ಧತಿಯಲ್ಲಿ ನಿರ್ಮಿಸಬೇಕೋ ಅಜೈಲ್ ಪದ್ಧತಿಯಲ್ಲಿ ನಿರ್ಮಿಸಬೇಕೋ ಎಂಬ ಬಗ್ಗೆ ಸಮ್ಮೇಳನದಲ್ಲಿ ಭಿನ್ನಾಭಿಪ್ರಾಯ ಕಂಡುಬಂದಿರುವುದರಿಂದ, ಅದನ್ನೇ ಎರಡು ಸಲ ನಿರ್ಮಿಸಿ ಹೋಲಿಸತಕ್ಕದ್ದು. ಹೋಲಿಕೆ ಮುಗಿಯುವ ತನಕ ಯಾವ ವಸ್ತುವನ್ನೂ ಕೈಯಿಂದ ಹಿಂದಿರುಗಿಸತಕ್ಕದ್ದಲ್ಲ. ಹಾಗೆ ಹಿಂದಿರುಗಿಸಿದಲ್ಲಿ ಹೋಲಿಕೆ ಕಲುಷಿತವಾಗುತ್ತದೆ.”

ಮೂರನೇ ಮಹಡಿ ಸಾಂಪ್ರದಾಯಿಕ ಪದ್ಧತಿಗೆ ಮೀಸಲಾಯಿತು. ಇಪ್ಪತ್ಮೂರು ಮಂದಿ. ಅವರ ಮುಖ್ಯಸ್ಥರನ್ನು ಎಲ್ಲರೂ ನಕ್ಷೆ ಮೇಷ್ಟ್ರು ಎನ್ನುತ್ತಿದ್ದರು. ಎಲ್ಲವನ್ನೂ ಮೊದಲೇ ತಿಳಿದು, ಬರೆದು, ಮೊಹರು ಒತ್ತಿ, ಆಮೇಲೆ ಕಟ್ಟಬೇಕು. ಕಟ್ಟಲು ಶುರುಮಾಡಿದ ಮೇಲೆ ಹಿಂದೆ ತಿರುಗಿ ನೋಡಬಾರದು ಎಂಬುದು ಅವರ ನಂಬಿಕೆ. ಅವರು ಸಾಬೂನು ತರಲು ಅಂಗಡಿಗೆ ಹೋಗುವ ಮುನ್ನ ನಕ್ಷೆ ಬರೆಯುತ್ತಿದ್ದರು. ನಾಲ್ಕನೇ ಮಹಡಿ ಅಜೈಲ್ ಪದ್ಧತಿಗೆ. ಇಪ್ಪತ್ತೊಂದು ಮಂದಿ. ಅವರ ಮುಖ್ಯಸ್ಥೆ ಮೇಷ್ಟ್ರ ಸ್ವಂತ ಸೊಸೆ. ಚುರುಕಿ ಎಂದು ಹೆಸರಾಗಿದ್ದಳು. ಯಾವುದನ್ನೂ ಮೊದಲೇ ತಿಳಿಯಲಾಗದು, ಹದಿನೈದು ದಿನಕ್ಕೊಮ್ಮೆ ಚೂರು ಮಾಡಿ, ತೋರಿಸಿ, ಬೈಸಿಕೊಂಡು, ಬದಲಾಯಿಸುತ್ತ ಹೋಗಬೇಕು ಎಂಬುದು ಅವಳ ನಂಬಿಕೆ. ಅವಳು ಸಾಬೂನಿಗೆಂದು ಹೊರಟರೆ ಅಂಗಡಿ ಮುಟ್ಟುವುದರೊಳಗೆ ಬೇಕಾದದ್ದು ಟವೆಲ್ಲು ಎಂದು ಗೊತ್ತಾಗಿರುತ್ತಿತ್ತು. ಮಾವ ಸೊಸೆ ಮನೆಯಲ್ಲಿ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರೂ ಕಚೇರಿಯಲ್ಲಿ ಹೋಲಿಕೆಯ ಶುದ್ಧಿಗಾಗಿ ಮಾತು ಬಿಟ್ಟರು. ಇದ್ದದ್ದು ಒಂದೇ ಮೆಟ್ಟಿಲಾದ್ದರಿಂದ ಅವರು ಹತ್ತಕ್ಕೆ ಐದು ನಿಮಿಷ ಇರುವಾಗ ಹತ್ತುತ್ತಿದ್ದರು, ಇವಳು ಹತ್ತು ಗಂಟೆ ಐದು ನಿಮಿಷಕ್ಕೆ.

ಆದೇಶಕ್ಕೆ ಹಚ್ಚಿದ ಅಂಟು ಗೋಡೆಯ ಮೇಲೆ ಇನ್ನೂ ಒಣಗಿರಲಿಲ್ಲ. ಹತ್ತು ನಲವತ್ತಕ್ಕೆ ಹಿರಿಯರೊಬ್ಬರು ಕಿಟಕಿಗೆ ಬಂದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಕೆಲಸದಲ್ಲಿದ್ದಾಗಿನಿಂದಲೂ ಪ್ರತಿ ಭಾನುವಾರ ಉದ್ಯಾನವನದಲ್ಲಿ ಐದು ಜನರ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು.

“ನಿನ್ನೆ ಹತ್ತೊಂಬತ್ತನೇ ನಂಬರ್ ಬಸ್ಸಲ್ಲಿ ಬಿಟ್ಟುಬಿಟ್ಟೆ ತಾಯಿ. ಕಪ್ಪು ಪೆಟ್ಟಿಗೆ. ಕೊಂಡಿ ಮುರಿದಿದೆ, ಹಸಿರು ದಾರ ಕಟ್ಟಿದ್ದೀನಿ,” ಎನ್ನುತ್ತ ಕಂಬಿಯ ಸಂದಿನಿಂದ ಒಳಗೆ ನೋಡಿದರು. ಏಳನೇ ಕಪಾಟಿನ ಎರಡನೇ ಹಲಗೆಯ ಮೇಲೆ ಹಸಿರು ದಾರ ಕಟ್ಟಿದ ಕಪ್ಪು ಪೆಟ್ಟಿಗೆ ಇತ್ತು.

“ಅದೇ,” ಅಂದರು.

“ಹೌದು, ಅದೇ,” ಅಂದಳು ಕಪಾಟಮ್ಮ.

“ಹಾಗಾದ್ರೆ ಕೊಡಿ.”

“ಕೊಡೋ ಹಾಗಿಲ್ಲ. ಹೋಲಿಕೆ ನಡೀತಿದೆ.”

“ಏನನ್ನ ಏನಕ್ಕೆ ಹೋಲಿಸ್ತಿದ್ದಾರೆ?”

“ನಿಮ್ಮ ಕ್ಲಾರಿನೆಟ್ ನಿಮಗೆ ಕೊಡೋ ಒಂದು ವಿಧಾನವನ್ನ, ನಿಮ್ಮ ಕ್ಲಾರಿನೆಟ್ ನಿಮಗೆ ಕೊಡೋ ಇನ್ನೊಂದು ವಿಧಾನಕ್ಕೆ.”

ಹಿರಿಯರು ಇದನ್ನು ಕೇಳಿ ತಲೆದೂಗಿದರು. ಅವರೂ ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದ್ದವರು. “ಎಷ್ಟು ದಿನ ಹಿಡಿಯುತ್ತೆ?”

“ಮೂರನೇ ಮಹಡಿಯವರು ಎರಡು ವರ್ಷ ಅಂತಾರೆ. ನಾಲ್ಕನೇ ಮಹಡಿಯವರು ಹದಿನೈದು ದಿನ ಅಂತಾರೆ. ಆದ್ರೆ ಎಷ್ಟು ಹದಿನೈದು ದಿನ ಅಂತ ಹೇಳ್ತಿಲ್ಲ.”

“ನೋಡು ತಾಯಿ, ಹದಿನೈದು ದಿನ ಊದದೇ ಇದ್ರೆ ತುಟಿ ಮರೆತುಬಿಡುತ್ತೆ. ಆಮೇಲೆ ಕೊಟ್ರೂ ಒಂದೇ, ಬಿಟ್ರೂ ಒಂದೇ. ಬ್ಯಾಂಡಿನವರು ಆಗಲೇ ಒಬ್ಬ ಮೌತ್‌ಆರ್ಗನ್ನಿನವನನ್ನ ನೋಡಿಟ್ಟಿದ್ದಾರೆ.”

ಕಣ್ಣೆದುರಿಗೆ ಇರುವ ವಸ್ತುವನ್ನು ಇಲ್ಲವೆನ್ನುವುದು ಕಪಾಟಮ್ಮನಿಗೆ ಅದೇ ಮೊದಲು. “ಮೇಲೆ ಹೋಗಿ ಕೇಳಿ ನೋಡಿ,” ಎಂದಷ್ಟೇ ಹೇಳಿ ರಿಜಿಸ್ಟರಿನ ಮೇಲೆ ಬಗ್ಗಿದಳು. ರಿಜಿಸ್ಟರಿನಲ್ಲಿ ಬರೆಯಲು ಏನೂ ಇರಲಿಲ್ಲ.

ಅಷ್ಟರಲ್ಲಿ ಎರಡೂ ಮಹಡಿಗಳು ಕೆಲಸ ಶುರುಮಾಡಿದವು. ಮೂರನೇ ಮಹಡಿಯಿಂದ ಕಪಾಟಮ್ಮನಿಗೆ ಪತ್ರ ಬಂತು: “ಮುಂದಿನ ಹತ್ತು ವರ್ಷಗಳಲ್ಲಿ ಸಾರ್ವಜನಿಕರು ಕಳೆದುಕೊಳ್ಳಲಿರುವ ಎಲ್ಲ ವಸ್ತುಗಳ ಪಟ್ಟಿಯನ್ನು ಬಣ್ಣ, ಅಳತೆ ಮತ್ತು ಕಳೆದುಕೊಳ್ಳಲಿರುವ ದಿನಾಂಕ ಸಹಿತ ಸಲ್ಲಿಸತಕ್ಕದ್ದು.”

ಅವಳು ಪತ್ರ ಹಿಡಿದುಕೊಂಡು ಮೇಲೆ ಹೋದಳು. “ಮುಂದೆ ಕಳ್ಕೊಳ್ಳೋದು ಈಗಲೇ ಹೇಗೆ ಗೊತ್ತಾಗುತ್ತೆ ಮೇಷ್ಟ್ರೇ?”

“ಗೊತ್ತಿಲ್ಲದೇ ಕಟ್ಟಿದ್ರೆ ಆಮೇಲೆ ಒಡೀಬೇಕಾಗುತ್ತೆ ಅಮ್ಮ,” ಎಂದರು ಮೇಷ್ಟ್ರು, ನಾಲ್ಕು ಬಣ್ಣದ ಪೆನ್ನಿನ ಹಸಿರು ಗುಂಡಿ ಒತ್ತಿ. “ನಿಧಾನವಾಗಿ ಬರೀರಿ. ಅವಸರ ಏನಿಲ್ಲ.”

ಅವಳು ಒಂಬತ್ತು ದಿನ ಕೂತು ನಾಲ್ಕು ಸಾವಿರ ವಸ್ತುಗಳನ್ನು ಬರೆದಳು. ಒಂಟಿ ಚಪ್ಪಲಿಗಳೆಲ್ಲ ಎಡಗಾಲಿನವೇ ಏಕೆಂದು ಮೇಷ್ಟ್ರು ಕೇಳಿದಾಗ, ಜನ ಇಳಿಯುವಾಗ ಬಲಗಾಲು ಮುಂದಿಡುತ್ತಾರೆ, ಹಿಂದಿನಿಂದ ತುಳಿಸಿಕೊಳ್ಳುವುದು ಎಡಗಾಲು ಎಂದಳು. ಅದು ಅಡಿಟಿಪ್ಪಣಿಯಾಗಿ ಸೇರಿತು.

ನಾಲ್ಕನೇ ಮಹಡಿಯವರು ಪಟ್ಟಿ ಕೇಳಲಿಲ್ಲ. ಸಣ್ಣದರಿಂದ ಶುರುಮಾಡೋಣ ಎಂದು ಎಲ್ಲ ಬಸ್ಸುಗಳಲ್ಲಿ ಪ್ರಕಟಣೆ ಅಂಟಿಸಿದರು: “ಮೊದಲ ಹದಿನೈದು ದಿನಗಳ ಅವಧಿಯಲ್ಲಿ ಸಾಫ್ಟ್‌ವೇರ್ ಛತ್ರಿಗಳನ್ನು ಮಾತ್ರ ಗುರುತಿಸಬಲ್ಲದು. ಆದ್ದರಿಂದ ಸಾರ್ವಜನಿಕರು ಈ ಅವಧಿಯಲ್ಲಿ ಛತ್ರಿಗಳನ್ನು ಮಾತ್ರ ಕಳೆದುಕೊಂಡು ಸಹಕರಿಸಬೇಕಾಗಿ ಕೋರಿದೆ. ಮಡಿಸುವ ಛತ್ರಿಗಳು ಮುಂದಿನ ಹಂತದಲ್ಲಿ.”

ಜನ ಸಹಕರಿಸಿದರು. ಕಂಡಕ್ಟರುಗಳು ಪ್ರತಿ ನಿಲ್ದಾಣದಲ್ಲೂ ಸೀಟುಗಳ ಕೆಳಗೆ ಬಗ್ಗಿ ನೋಡಿ ಛತ್ರಿಯಲ್ಲದ್ದನ್ನೆಲ್ಲ ವಾಪಸ್ ಕೊಟ್ಟರು. ಊಟದ ಡಬ್ಬಿ ಬಿಟ್ಟು ಇಳಿದ ಒಬ್ಬ ಗುಮಾಸ್ತನನ್ನು ಕಂಡಕ್ಟರೊಬ್ಬ ಎರಡು ಬೀದಿ ಅಟ್ಟಿಸಿಕೊಂಡು ಹೋಗಿ ಹಿಡಿದ. ಮಳೆಗಾಲ ಮುಗಿದಿದ್ದರಿಂದ ಯಾರ ಬಳಿಯೂ ಛತ್ರಿ ಇರಲಿಲ್ಲ. ಪರಿಣಾಮವಾಗಿ ಕಪಾಟುಗಳಿಗೆ ಹೊಸ ವಸ್ತು ಬರುವುದು ನಿಂತುಹೋಯಿತು. ಕೈಯಿಂದ ಕೊಡುವುದಿಲ್ಲವೆಂದು ತಿಳಿದ ಮೇಲೆ ಹಳೆಯ ವಸ್ತುಗಳ ಮಾಲೀಕರೂ ಬರುವುದು ಬಿಟ್ಟರು. ನಲವತ್ತನಾಲ್ಕು ಜನ ಎರಡು ಮಹಡಿಗಳಲ್ಲಿ ಹಗಲಿಡೀ ದುಡಿದು ಕಟ್ಟುತ್ತಿದ್ದ ಎರಡು ಸಾಫ್ಟ್‌ವೇರುಗಳಿಗೆ ಲೋಕದಲ್ಲಿ ಒಬ್ಬರೇ ಬಳಕೆದಾರರು ಉಳಿದರು. ಅವರು ದಿನಾ ಹತ್ತು ನಲವತ್ತಕ್ಕೆ ಬರುತ್ತಿದ್ದರು.

ಮೂರನೇ ಮಹಡಿ ಅವರ ಮುಂದೆ ಮುನ್ನೂರ ಹನ್ನೆರಡು ಪ್ರಶ್ನೆಗಳ ನಮೂನೆ ಇಟ್ಟಿತು. ‘ವಸ್ತು ಕಳೆದುಹೋದಾಗ ಎಲ್ಲಿತ್ತು?’ ಎಂಬುದಕ್ಕೆ ಅವರು ‘ಗೊತ್ತಿದ್ದರೆ ಕಳೆಯುತ್ತಿರಲಿಲ್ಲ’ ಎಂದು ಬರೆದರು. ಎಲ್ಲಕ್ಕೂ ಸಹಿ ಹಾಕಿಸಿಕೊಂಡು ಮೇಷ್ಟ್ರು ಅರಗಿನ ಮುದ್ರೆ ಒತ್ತಿದರು. ಮುದ್ರೆ ಆರುವ ಮೊದಲೇ ಹಿರಿಯರಿಗೆ ನೆನಪಾಯಿತು: ಕ್ಲಾರಿನೆಟ್ ಪೂರ್ತಿ ಕಪ್ಪಲ್ಲ, ಕೀಲಿಗಳು ಬೆಳ್ಳಿ ಬಣ್ಣದವು.

“ಅದು ಬದಲಾವಣೆ,” ಎಂದರು ಮೇಷ್ಟ್ರು, ನೊಂದ ದನಿಯಲ್ಲಿ. “ಬದಲಾವಣೆ ನಿಯಂತ್ರಣ ಸಮಿತಿಗೆ ಹೋಗಬೇಕು. ಅಲ್ಲೀ ತನಕ ನಿಮ್ಮ ಕ್ಲಾರಿನೆಟ್ ಪೂರ್ತಿ ಕಪ್ಪು.”

ನಾಲ್ಕನೇ ಮಹಡಿಯಲ್ಲಿ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡರು. ಅಲ್ಲಿ ದಿನಾ ಬೆಳಿಗ್ಗೆ ನಿಂತೇ ನಡೆಸುವ ಸಭೆ. ಕೂತರೆ ಸಭೆ ಲಂಬಿಸುತ್ತದೆ ಎಂದು ನಿಲ್ಲುವುದು. ನಿಂತರೂ ಲಂಬಿಸಿದ್ದರಿಂದ ಒರಗಿಕೊಳ್ಳಲು ಗೋಡೆಗೆ ದಿಂಬು ಹೊಡೆಸಿದ್ದರು. ಪ್ರತಿಯೊಬ್ಬರೂ ಮೂರು ಮಾತು ಹೇಳಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನು. ಸಂಬಂಧಪಟ್ಟವಳೆಂದು ಕಪಾಟಮ್ಮನನ್ನೂ ಕರೆಸುತ್ತಿದ್ದರು.

“ನಿನ್ನೆ ಕೂತಿದ್ದೆ. ಇವತ್ತೂ ಕೂತಿರ್ತೀನಿ. ಅಡ್ಡಿ ನೀವೇ,” ಅಂದಳು ಮೊದಲ ದಿನ.

“ತುಂಬಾ ಪ್ರಾಮಾಣಿಕವಾಗಿ ಹೇಳಿದ್ರಿ ಅಕ್ಕ,” ಎಂದು ಚುರುಕಿ ಅದನ್ನು ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು.

ಹಿರಿಯರ ಅಡ್ಡಿ ದಿನವೂ ಒಂದೇ: ಕ್ಲಾರಿನೆಟ್ ಇಲ್ಲ. ಹನ್ನೆರಡು ದಿನಕ್ಕೆ ಹನ್ನೆರಡು ಚೀಟಿ ಸಾಲಾಗಿ ನಿಂತವು. ನಂತರ ಅವರ ಬೇಡಿಕೆಯನ್ನು ನಿಯಮದ ಪ್ರಕಾರ ಒಂದು ವಾಕ್ಯಕ್ಕೆ ಇಳಿಸಲಾಯಿತು: ‘ಒಬ್ಬ ವಾದಕನಾಗಿ ನನಗೆ ನನ್ನ ಕ್ಲಾರಿನೆಟ್ ಬೇಕು, ಏಕೆಂದರೆ ಅದು ನನ್ನದು.’ ಇಪ್ಪತ್ತೊಂದು ಜನ ಅದನ್ನು ತೂಗಿ ನೋಡಿ, ಇದು ಹದಿನೈದು ದಿನಕ್ಕೆ ಮೀರಿದ ಕೆಲಸ, ಒಡೆಯಬೇಕು ಎಂದರು.

“ಒಡೀಬೇಡಿ,” ಎಂದರು ಹಿರಿಯರು ಗಾಬರಿಯಾಗಿ.

“ಕ್ಲಾರಿನೆಟ್ ಅಲ್ಲ ಸಾರ್, ಬೇಡಿಕೆ. ಅಂದಹಾಗೆ ಅದು ಎಷ್ಟು ತುಂಡಾಗುತ್ತೆ?”

ಊದುವ ಮೂತಿ, ಗಿಡ್ಡ ಕೊಳವೆ, ಮೇಲಿನ ಕೊಳವೆ, ಕೆಳಗಿನ ಕೊಳವೆ, ತುದಿಯ ಅಗಲಬಾಯಿ, ಒಟ್ಟು ಐದು ಎಂದು ಅವರು ಹೇಳಿಬಿಟ್ಟರು. ಚುರುಕಿ ತುಂಡಿಗೊಂದರಂತೆ ಐದು ಹಳದಿ ಚೀಟಿ ಗೋಡೆಗೆ ಅಂಟಿಸಿದಳು: ಒಂದು ಅವಧಿಗೆ ಒಂದು ತುಂಡು.

ಹದಿನೈದು ದಿನ ಕಳೆದು ಮೊದಲ ಪ್ರದರ್ಶನ. ಪರದೆಯ ಮೇಲೆ ‘ಕೊಡು’ ಎಂಬ ಒಂದು ಗುಂಡಿ. ಹಿರಿಯರು ಒತ್ತಿದರು. ನೆಲಮಾಳಿಗೆಯಲ್ಲಿ ಕಪಾಟಮ್ಮನ ಮೇಜಿನ ಮೇಲಿಟ್ಟಿದ್ದ ಹೊಸ ಯಂತ್ರ ಕಿರ್ ಎಂದು ಚೀಟಿ ಕಕ್ಕಿತು: ‘ಕಪಾಟು ಏಳು, ಹಲಗೆ ಎರಡು, ಊದುವ ಮೂತಿ.’ ಇದು ಯಂತ್ರಕ್ಕೆ ಹೇಗೆ ಗೊತ್ತಾಯಿತೆಂದರೆ, ಹಿಂದಿನ ದಿನ ಅವಳನ್ನೇ ಕೇಳಿಕೊಂಡು ಹೋಗಿದ್ದರು. ಅವಳು ಎದ್ದುಹೋಗಿ, ದಾರ ಬಿಚ್ಚಿ, ಮೂತಿಯೊಂದನ್ನೇ ತೆಗೆದು, ನಾಲ್ಕು ಮಹಡಿ ಹತ್ತಿ ತಂದುಕೊಟ್ಟಳು. ಹಿರಿಯರು ಊದಿದರು. ಗಾಳಿ ಮಾತ್ರ ಬಂತು.

“ರೀಡ್ ಎಲ್ಲಿ? ನಾಲಿಗೆ ಥರ ಒಂದು ಪಟ್ಟಿ ಇರುತ್ತಲ್ಲ, ಅದಿಲ್ಲದೇ ನುಡಿಯಲ್ಲ.”

ಅದು ಬೇಡಿಕೆಯಲ್ಲಿ ಇರಲಿಲ್ಲ. ಕೆಳಗೆ ಮೂರನೇ ಮಹಡಿಯಲ್ಲಿ ಇದು ತಿಳಿದಾಗ ಮೇಷ್ಟ್ರು ತಮ್ಮ ದಾಖಲೆಯ ಎಂಬತ್ತೆಂಟನೇ ಪುಟ ತೆರೆದು ಎಲ್ಲರಿಗೂ ತೋರಿಸಿದರು. ರೀಡು ಅಲ್ಲಿತ್ತು. ಅದನ್ನು ಯಾವ ಜಾತಿಯ ಜೊಂಡಿನಿಂದ ಮಾಡುತ್ತಾರೆ, ಆ ಜೊಂಡು ಎಷ್ಟು ಎತ್ತರ ಬೆಳೆಯುತ್ತದೆ ಎಂಬುದೂ ಇತ್ತು. “ಮೊದಲೇ ಯೋಚಿಸಿದ್ರೆ ಹೀಗಾಗ್ತಿರಲಿಲ್ಲ,” ಎಂದರು. ಅವರ ಮಹಡಿಯಿಂದ ಈ ತನಕ ಯಾರಿಗೂ ಏನೂ ಸಿಕ್ಕಿರಲಿಲ್ಲವಾದ್ದರಿಂದ ಅವರಲ್ಲಿ ತಪ್ಪು ಹುಡುಕುವುದು ಅಸಾಧ್ಯವಾಗಿತ್ತು.

ಎರಡನೇ ಹದಿನೈದು ದಿನಕ್ಕೆ ರೀಡು ಬಂತು. ಊದಿದರು. ಬಾತುಕೋಳಿ ಕೂಗಿದಂತಾಯಿತು. ನಾಲ್ಕನೇ ಮಹಡಿ ಎದ್ದು, ಅಂದರೆ ಆಗಲೇ ನಿಂತಿತ್ತು, ಚಪ್ಪಾಳೆ ತಟ್ಟಿತು. ಮೂರನೇ ಅವಧಿಗೆ ಗಿಡ್ಡ ಕೊಳವೆ. ಬಾತುಕೋಳಿಗೆ ತುಸು ವಯಸ್ಸಾಯಿತು. ನಾಲ್ಕನೆಯದಕ್ಕೆ ಮೇಲಿನ ಕೊಳವೆ ಬಂದು ಏಳೆಂಟು ಸ್ವರ ಹುಟ್ಟಿದವು. ಹಿರಿಯರು ಸಿಕ್ಕಷ್ಟನ್ನು ಹತ್ತೊಂಬತ್ತನೇ ನಂಬರ್ ಬಸ್ಸಿನಲ್ಲಿ ಹೋಗುತ್ತ ಬರುತ್ತ ಅಭ್ಯಾಸ ಮಾಡಿದರು. ತುಟಿ ಮರೆಯಲಿಲ್ಲ. ಪ್ರಯಾಣಿಕರು ಹದಿನೆಂಟನೇ ನಂಬರಿಗೆ ಹೋದರು.

ಒಂದು ದಿನ ಮೆಟ್ಟಿಲಿಳಿದು ಕಿಟಕಿಯ ಹತ್ತಿರ ನಿಂತು ಕಪಾಟಮ್ಮನಿಗೆ ಹೇಳಿದರು, “ನಿಜ ಹೇಳಬೇಕಂದ್ರೆ ತಾಯಿ, ಈಗೀಗ ಬೆಳಿಗ್ಗೆ ಏಳೋದು ಖುಷಿ. ಗಡ್ಡ ಹೆರೆದುಕೊಂಡು ಬರ್ತೀನಿ. ನಮ್ಮನೇಲಿ ಮಗ, ಸೊಸೆ, ನಾಲ್ಕು ಮೊಮ್ಮಕ್ಕಳು, ಮನೆ ತುಂಬಾ ಜನ. ಆದ್ರೆ ನಿಮಗೇನು ಅಡ್ಡಿ ಅಂತ ದಿನಾ ಯಾರು ಕೇಳ್ತಾರೆ?”

ಐದನೇ ಅವಧಿಗೆ ಕೆಳಗಿನ ಕೊಳವೆಯೂ ಬಂತು. ಈಗ ಅಗಲಬಾಯಿ ಒಂದು ಬಾಕಿ. ಅದಿಲ್ಲದೆಯೂ ಎಲ್ಲ ನುಡಿಸಬಹುದಿತ್ತು. ತೀರ ಕೆಳಗಿನ ಒಂದು ಸ್ವರ ಮಾತ್ರ ನೆಟ್ಟಗೆ ಬರುತ್ತಿರಲಿಲ್ಲ. ದುರದೃಷ್ಟವಶಾತ್ ಹಿರಿಯರಿಗೆ ಅತ್ಯಂತ ಪ್ರಿಯವಾದ, ಬ್ಯಾಂಡಿನಲ್ಲಿ ಮೂವತ್ತು ವರ್ಷ ನುಡಿಸಿದ ಧಾಟಿ ಮುಗಿಯುತ್ತಿದ್ದದ್ದು ಆ ಸ್ವರದ ಮೇಲೆಯೇ. ಅವರು ನಾಲ್ಕನೇ ಮಹಡಿಯ ಕಿಟಕಿಯ ಬಳಿ ನಿಂತು ನುಡಿಸುತ್ತಿದ್ದರು. ಧಾಟಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ, ಬಾಗುತ್ತ, ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಅವರು ನಿಲ್ಲಿಸಿ ಬಾಯಿ ಒರೆಸಿಕೊಳ್ಳುತ್ತಿದ್ದರು.

ಇದರಿಂದ ಕಚೇರಿಯ ಕೆಲಸ ಕೆಟ್ಟಿತು. ಟೈಪು ಮಾಡುತ್ತಿದ್ದವರು ಕೈ ಎತ್ತಿ ಹಾಗೇ ಕೂತಿರುತ್ತಿದ್ದರು. ನಿರ್ದೇಶಕರು ಸಹಿಯ ಕೊನೆಯ ಅಕ್ಷರ ಹಾಕಲಾಗದೆ ಒದ್ದಾಡಿದರು. ಮೂರನೇ ಮಹಡಿಯಲ್ಲಿ ಒಬ್ಬಾಕೆ ಮಧ್ಯಾಹ್ನ ಊಟದ ತುತ್ತನ್ನು ನುಂಗಲಾಗದೆ ಮನೆಗೆ ಹೋದಳು. ನೆಲಮಾಳಿಗೆಯಲ್ಲಿ ಕಪಾಟಮ್ಮ ಏಳನೇ ಕಪಾಟನ್ನು ನೋಡುತ್ತ ಕೂತಿರುತ್ತಿದ್ದಳು. ಪೆಟ್ಟಿಗೆಯಲ್ಲಿ ಆ ಸ್ವರ ಒಂದೇ ಉಳಿದಿತ್ತು.

ಕೊನೆಯ ಪ್ರದರ್ಶನಕ್ಕೆ ಎರಡು ದಿನ ಇರುವಾಗ ಚುರುಕಿ ಕೆಳಗೆ ಬಂದಳು. ಅವಳು ಯಾವತ್ತೂ ಕೂರುವವಳಲ್ಲ. ಅವತ್ತು ಸ್ಟೂಲು ಎಳೆದುಕೊಂಡು ಕೂತಳು.

“ಅಕ್ಕ, ಒಂದು ಅಡ್ಡಿ ಇದೆ. ಅಗಲಬಾಯಿ ಕೊಟ್ಟುಬಿಟ್ರೆ ಅವರಿಗೆ ಅವರ ಕ್ಲಾರಿನೆಟ್ ಸಿಕ್ಕಿಬಿಡುತ್ತೆ.”

“ಸಿಗಲಿ.”

“ಸಿಕ್ಕಿದ ಮೇಲೆ ಅವರು ಬರಲ್ಲ. ಅವರು ಬರದೇ ಇದ್ರೆ ಬಳಕೆದಾರರಿಲ್ಲ. ಬಳಕೆದಾರರಿಲ್ಲದ ಮೇಲೆ ಇಪ್ಪತ್ತೊಂದು ಜನ ಯಾರಿಗೋಸ್ಕರ ನಿಂತ್ಕೋಬೇಕು?”

ಅವಳು ಇನ್ನೂ ಹೇಳುತ್ತಿರುವಾಗಲೇ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ನಕ್ಷೆ ಮೇಷ್ಟ್ರು. ಅವರೂ ಅದೇ ವಿಷಯಕ್ಕೆ ಬಂದಿದ್ದರು. ಅವರ ಪದ್ಧತಿಯಲ್ಲಿ ಬಳಕೆದಾರರು ಏಳು ಹಂತಗಳಲ್ಲಿ ಸಹಿ ಹಾಕಬೇಕು. ಈಗ ಆಗಿದ್ದು ಎರಡು. ವಸ್ತು ಸಿಕ್ಕವನು ಮಿಕ್ಕ ಐದಕ್ಕೆ ಯಾಕೆ ಬರುತ್ತಾನೆ?

ಮಾವ ಸೊಸೆ ಒಬ್ಬರನ್ನೊಬ್ಬರು ನೋಡಿದರು. ಮೂರು ತಿಂಗಳಲ್ಲಿ ಕಚೇರಿಯೊಳಗೆ ಅವರು ಆಡಿದ ಮೊದಲ ಮಾತು ಇದು:

“ಮಾವ, ಅದನ್ನ ಕೊಡದೇ ಇರೋಕೆ ನಿಮ್ಮ ದಾಖಲೆಯಲ್ಲಿ ಏನಾದ್ರೂ ಇದೆಯಾ?”

“ಇದೆ ಕಣಮ್ಮ. ನಾನೂರ ಹದಿನೆಂಟನೇ ಪುಟ. ‘ಕ್ಲಾರಿನೆಟ್, ಒಂದು, ಪೂರ್ತಿ ಕಪ್ಪು’ ಅಂತಿದೆ. ಇದರಲ್ಲಿ ಬೆಳ್ಳಿ ಕೀಲಿ ಇದೆ. ಅಂದ್ಮೇಲೆ ಇದು ಅವರದ್ದಲ್ಲ.”

“ನಮ್ಮ ಗೋಡೆ ಮೇಲೆ ಅದನ್ನ ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಹಾಕಿಬಿಡ್ತೀನಿ. ಕೆಳಗಿನ ಸಾಲು ಇವತ್ತಿನ ತನಕ ಯಾರೂ ಓದಿಲ್ಲ.”

ಎರಡು ಪದ್ಧತಿಗಳೂ ಪರಸ್ಪರ ಒಪ್ಪಿದ ಮೊಟ್ಟಮೊದಲ ಸಂದರ್ಭವೆಂದು ಇದನ್ನು ಮುಂದೆ ವರದಿಯಲ್ಲಿ ದಾಖಲಿಸಲಾಯಿತು. ಇಬ್ಬರೂ ಮಾತಾಡಿಕೊಳ್ಳುತ್ತ ಒಟ್ಟಿಗೆ ಮೆಟ್ಟಿಲು ಹತ್ತಿಹೋದರು. ಮಧ್ಯಾಹ್ನಕ್ಕೆ ಜಂಟಿ ಜ್ಞಾಪನ ಬಂತು: ಅಗಲಬಾಯಿಯನ್ನು ಮುಂದಿನ ಆದೇಶದವರೆಗೆ ಕಳೆದಿದೆಯೆಂದೇ ಭಾವಿಸತಕ್ಕದ್ದು.

ಅವತ್ತು ಸಂಜೆ ಕಪಾಟಮ್ಮ ಗಂಡನ ಅಂಗಡಿಯಲ್ಲಿ ಕೂತಳು. ಆತ ದರ್ಜಿ. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿನ ತೋಳು ಕೂರಿಸುತ್ತಿದ್ದ.

“ನೀವು ಬಟ್ಟೆ ಕತ್ತರಿಸೋ ಮುಂಚೆ ಎಲ್ಲ ಅಳತೆ ತಗೋತೀರಾ, ಇಲ್ಲ ಅಷ್ಟಷ್ಟೇ ಹೊಲಿದು ತೊಡಿಸಿ ನೋಡ್ತೀರಾ?”

“ಅಳತೆ ತಗೋತೀನಿ. ಮಧ್ಯೆ ಒಂದ್ಸಲ ತೊಡಿಸಿಯೂ ನೋಡ್ತೀನಿ.”

“ಆ ಪದ್ಧತಿಗೆ ಏನಂತಾರೆ?”

ಆತ ಸೂಜಿ ತೆಗೆದು ಅವಳ ಮುಖ ನೋಡಿದ. “ಕೋಟು ಅಂತಾರೆ. ಯಾಕೆ, ಏನಾಯ್ತು?”

ಅವಳು ಎಲ್ಲ ಹೇಳಿದಳು. ಆತ ತೋಳನ್ನು ತಿರುವಿ ಒಳಮೈ ನೋಡುತ್ತ ಕೇಳಿದ, “ಅವರದು ಅಂತ ನಿನಗೆ ಗೊತ್ತು. ಅವರಿಗೂ ಗೊತ್ತು. ಅಲ್ವಾ?”

“ಹೂಂ.”

“ಮತ್ತೆ ಇನ್ಯಾರಿಗೆ ಗೊತ್ತಾಗಬೇಕು?”

ಮರುದಿನ ಹತ್ತು ನಲವತ್ತಕ್ಕೆ ಹಿರಿಯರು ಮೇಲೆ ಹೋಗಲು ಹೊರಟಾಗ ಕಪಾಟಮ್ಮ ಕಿಟಕಿಯಿಂದ ಕರೆದಳು. ಎದ್ದು ಹೋದಳು, ಅಗಲಬಾಯಿ ತಂದಳು, ಕೊಟ್ಟಳು. ಇಪ್ಪತ್ತೆರಡು ವರ್ಷದ ನೌಕರಿ ಆ ಕೊಟ್ಟ ಕೈಯಲ್ಲಿತ್ತು.

“ಇಲ್ಲೇ ನುಡಿಸಿ,” ಅಂದಳು. “ಪೂರ್ತಿ ನುಡಿಸಿ.”

ಅವರು ಐದು ತುಂಡನ್ನೂ ಜೋಡಿಸಿ, ರೀಡನ್ನು ನಾಲಿಗೆಯಿಂದ ತೇವ ಮಾಡಿ, ಕಪಾಟುಗಳ ನಡುವೆ ನಿಂತು ಶುರುಮಾಡಿದರು. ಕಬ್ಬಿಣದ ಹಲಗೆಗಳು ಝುಮ್ಮೆಂದವು. ಮೂರನೇ ಮಹಡಿ ಕಿವಿಗೊಟ್ಟಿತು, ನಾಲ್ಕನೇ ಮಹಡಿ ಗೋಡೆಯ ದಿಂಬು ಬಿಟ್ಟು ಎದ್ದಿತು. ಜನ ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದು ಬಂದು ತುಂಬಿಕೊಂಡರು. ನಿರ್ದೇಶಕರು ಕೈಯಲ್ಲಿ ಪೆನ್ನು ಹಿಡಿದೇ ಬಂದರು. ಧಾಟಿ ಇಳಿಯಿತು, ಬಾಗಿತು, ಎಲ್ಲರೂ ಉಸಿರು ಹಿಡಿದರು, ಕೊನೆಯ ಸ್ವರ ದುಂಡಗೆ, ಬೆಚ್ಚಗೆ, ನೆಲ ಮುಟ್ಟಿ ಕೂತಿತು. ನಲವತ್ತನಾಲ್ಕು ಜನ ಒಟ್ಟಿಗೆ ಉಸಿರು ಬಿಟ್ಟದ್ದಕ್ಕೆ ಮೇಜಿನ ಮೇಲಿದ್ದ ಚೀಟಿಗಳೆಲ್ಲ ಹಾರಿಹೋದವು. ಊಟ ಬಿಟ್ಟಿದ್ದ ಆಕೆ ಅಳುತ್ತ ಪಕ್ಕದವಳ ಭುಜಕ್ಕೆ ಒರಗಿದಳು.

“ಯಾರು ಕೊಟ್ಟಿದ್ದು?” ಎಂದರು ನಿರ್ದೇಶಕರು.

“ನಾನೇ ಸಾರ್,” ಅಂದಳು ಕಪಾಟಮ್ಮ.

“ಯಾವ ಪದ್ಧತಿಯಲ್ಲಿ?”

ಅವಳು ಬಾಯಿ ತೆರೆಯುವ ಮೊದಲೇ ನಕ್ಷೆ ಮೇಷ್ಟ್ರು ಮುಂದೆ ಬಂದರು. ಇದು ತಮ್ಮ ದಾಖಲೆಯ ಅಂತಿಮ ಹಂತದ ಪರೀಕ್ಷೆಯೆಂದೂ, ಸಾವಿರದ ನೂರ ಹನ್ನೆರಡನೇ ಪುಟದಲ್ಲಿ ಇದೇ ಗಳಿಗೆಯನ್ನು ಮುಂಗಾಣಲಾಗಿತ್ತೆಂದೂ ಹೇಳಿದರು. ಇದು ತಮ್ಮ ಆರನೇ ಅವಧಿಯ ಪ್ರದರ್ಶನ, ಒಂದು ದಿನ ಮುಂಚಿತವಾಗಿ ನಡೆದಿದೆ ಎಂದಳು ಚುರುಕಿ. ನಿರ್ದೇಶಕರು ಇಬ್ಬರದ್ದನ್ನೂ ಬರೆದುಕೊಂಡರು. ಎರಡೂ ಪದ್ಧತಿಗಳು ಒಂದೇ ದಿನ, ಒಂದೇ ಗಳಿಗೆಯಲ್ಲಿ ಗುರಿ ಮುಟ್ಟಿದ ಉದಾಹರಣೆ ಸಮ್ಮೇಳನದಲ್ಲೂ ಬಂದಿರಲಿಲ್ಲ.

ಹಿರಿಯರು ಕ್ಲಾರಿನೆಟ್ಟಿನ ನೀರು ಒರೆಸುತ್ತ ಕೇಳಿದರು, “ನಾಳೆ ಎಷ್ಟು ಹೊತ್ತಿಗೆ ಬರಲಿ?”

“ನಾಳೆ ಯಾಕೆ ಬರ್ತೀರಿ? ನಿಮ್ಮ ವಸ್ತು ಸಿಕ್ತಲ್ಲ,” ಎಂದರು ನಿರ್ದೇಶಕರು. ಹೇಳಿದ ಮೇಲೆ ಆ ಮಾತಿನ ಅರ್ಥ ಅವರಿಗೇ ಹೊಳೆಯಿತು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಹಿರಿಯರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಐದು ತುಂಡನ್ನೂ ಪೆಟ್ಟಿಗೆಯಲ್ಲಿಟ್ಟು, ದಾರ ಕಟ್ಟಿ, ಕಪಾಟಮ್ಮನಿಗೆ ಕೈಮುಗಿದು ಹೊರಟುಹೋದರು.

ಮರುದಿನ ಹತ್ತು ಗಂಟೆಗೆ ಹತ್ತೊಂಬತ್ತನೇ ನಂಬರಿನ ಕಂಡಕ್ಟರ್ ಕಪ್ಪು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. “ಸೀಟಿನ ಮೇಲೆ ಬಿಟ್ಟು ಇಳಿದ್ರು. ಕೂಗಿ ಕರೆದೆ. ‘ಗೊತ್ತು, ಗೊತ್ತು’ ಅಂದ್ರು.”

ಹತ್ತು ನಲವತ್ತಕ್ಕೆ ಹಿರಿಯರು ಕಿಟಕಿಗೆ ಬಂದರು. ಗಡ್ಡ ನುಣ್ಣಗೆ ಹೆರೆದುಕೊಂಡಿದ್ದರು. “ಒಂದು ಕ್ಲಾರಿನೆಟ್ ಕಳೆದಿದೆ ತಾಯಿ.”

ಕಪಾಟಮ್ಮ ನಗು ತಡೆಯಲು ರಿಜಿಸ್ಟರಿನಲ್ಲಿ ಮುಖ ಮರೆಸಿದಳು. ಮೇಲಿನಿಂದ ಓಡಿಬಂದ ಮಾವ ಸೊಸೆ ಏದುಸಿರು ಬಿಡುತ್ತ ಒಂದೇ ಹಾಳೆಯ ಮೇಲೆ ಹೊಸ ನಿಯಮ ಬರೆದರು: ಹಿಂದಿರುಗಿಸುವುದಕ್ಕೆ ನಿಷೇಧವಿದೆ, ಪರೀಕ್ಷೆಗಾಗಿ ಮಾಲೀಕರ ಕೈಗೆ ಕೊಡುವುದಕ್ಕೆ ನಿಷೇಧವಿಲ್ಲ, ಪರೀಕ್ಷೆ ದಿನಕ್ಕೆ ಒಂದು ಗಂಟೆ, ನಂತರ ವಸ್ತುವನ್ನು ಮತ್ತೆ ಕಳೆದಿದೆಯೆಂದು ಭಾವಿಸತಕ್ಕದ್ದು, ಭಾನುವಾರ ಉದ್ಯಾನವನದಲ್ಲಿ ಹೊರಾಂಗಣ ಪರೀಕ್ಷೆ. ನಿರ್ದೇಶಕರು ಪೂರ್ತಿ ಸಹಿ ಹಾಕಿದರು. ಹೋಲಿಕೆಯನ್ನು ಮುಂದಿನ ಹತ್ತು ವರ್ಷಗಳಿಗೆ ವಿಸ್ತರಿಸಲಾಯಿತು.

ತಿಂಗಳೊಳಗೆ ಬ್ಯಾಂಡಿನವರಿಗೆ ಸುದ್ದಿ ಹೋಯಿತು. ಒಬ್ಬರು ಟ್ರಂಪೆಟ್ ಕಳೆದುಕೊಂಡರು, ಇನ್ನೊಬ್ಬರು ಬಹಳ ಕಷ್ಟಪಟ್ಟು ದೊಡ್ಡ ಡ್ರಮ್ಮನ್ನು ಬಸ್ಸಿನಲ್ಲಿ ಮರೆತರು. ಮೌತ್‌ಆರ್ಗನ್ನಿನವನೂ ಕಳೆದುಕೊಂಡ, ಅವನನ್ನು ಮುಂದಿನ ಹಂತಕ್ಕೆ ಎಂದು ಹದಿನೈದು ದಿನ ಕಾಯಿಸಿದರು. ಬಳಕೆದಾರರ ಸಂಖ್ಯೆ ಏರಿತು. ನೆಲಮಾಳಿಗೆಗೆ ಕುರ್ಚಿಗಳು ಬಂದವು. ಬ್ಯಾಂಡಿಗೆ ಸೇರದವರೂ ಏನೇನೋ ಬಿಟ್ಟು ಇಳಿಯತೊಡಗಿದರು, ಬೆಳಿಗ್ಗೆ ಹತ್ತು ನಲವತ್ತಕ್ಕೆ ಬಂದು ಕೂರತೊಡಗಿದರು. ಮೊದಲು ಚುರುಕಿ ಒಬ್ಬೊಬ್ಬರನ್ನೂ ಏನು ಅಡ್ಡಿ ಎಂದು ಕೇಳುತ್ತಿದ್ದಳು, ಅವರು ಮನಸ್ಸು ಬಿಚ್ಚಿ ಹೇಳುತ್ತಿದ್ದರು, ಮೇಷ್ಟ್ರು ಎಲ್ಲವನ್ನೂ ಪುಟಸಂಖ್ಯೆ ಹಾಕಿ ಬರೆದುಕೊಳ್ಳುತ್ತಿದ್ದರು, ಆಮೇಲೆ ವಾದ್ಯ. ಕಪಾಟಮ್ಮನಿಗೆ ಎಲ್ಲರಿಗೂ ವಾದ್ಯ ಎತ್ತಿಕೊಡಲು ನಾಲ್ಕು ನಿಮಿಷ ಸಾಕಾಗುತ್ತಿರಲಿಲ್ಲ. ಅದನ್ನು ಪ್ರಗತಿಯೆಂದು ದಾಖಲಿಸಲಾಯಿತು.

ಈ ಯಶಸ್ಸನ್ನು ಅಧ್ಯಯನ ಮಾಡಲು ನೀರು ಸರಬರಾಜು ಮಂಡಳಿಯಿಂದ ಅಧಿಕಾರಿಯೊಬ್ಬರು ಬಂದರು. ಸೂಟು ಹಾಕಿದ್ದರು, ಕೈಯಲ್ಲಿ ಪ್ರಶ್ನೆಗಳ ಹಾಳೆ. ಮುಂದಿನ ಸಾಲಿನಲ್ಲಿ ಕೂರಿಸಿದರು. ಸ್ವಲ್ಪ ಹೊತ್ತು ನೋಡಿ, ನಿರ್ದೇಶಕರ ಕಡೆ ವಾಲಿ, “ಎಲ್ಲ ಚೆನ್ನಾಗಿದೆ. ಸಾಫ್ಟ್‌ವೇರ್ ಎಲ್ಲಿ?” ಎಂದು ಪಿಸುಗುಟ್ಟಿದರು.

ಸುತ್ತಲಿನವರು ತಿರುಗಿ ನೋಡಿದರು. ನಿರ್ದೇಶಕರು ತುಟಿಯ ಮೇಲೆ ಬೆರಳಿಟ್ಟರು. ಧಾಟಿ ಇಳಿಯುವ ಭಾಗ ಶುರುವಾಗಿತ್ತು.

ಮುಗಿದ ಮೇಲೆ ಅಧಿಕಾರಿ ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಕಪಾಟಮ್ಮನ ಮೇಜಿಗೆ ಬಂದು, ತಗ್ಗಿದ ದನಿಯಲ್ಲಿ ಕೇಳಿದರು, “ನಾಳೆ ನಾನೂ ಬರಬೇಕಂದ್ರೆ ಏನು ಮಾಡಬೇಕು?”

“ಏನಾದ್ರೂ ಕಳ್ಕೋಬೇಕು ಸಾರ್.”

ಅವರು ತಮ್ಮನ್ನು ತಾವೇ ಮೇಲಿನಿಂದ ಕೆಳಗೆ ನೋಡಿಕೊಂಡರು. ಮೈಮೇಲೆ ಅನಗತ್ಯವಾದದ್ದು ಏನೂ ಕಾಣಲಿಲ್ಲ. ಕೊನೆಗೆ ಕೈಗಡಿಯಾರ ಬಿಚ್ಚಿ, ಒಮ್ಮೆ ಕಿವಿಗೆ ಹಿಡಿದು ನೋಡಿ, ಮೇಜಿನ ಮೇಲಿಟ್ಟರು.

“ಬಸ್ಸಲ್ಲಿ ಕಳೆದಿದ್ದಾ?” ಕೇಳಿದಳು ಕಪಾಟಮ್ಮ.

“ಹೂಂ, ಬಸ್ಸಲ್ಲಿ.”

“ಯಾವ ನಂಬರು?”

ಅವರು ತಬ್ಬಿಬ್ಬಾಗಿ ಸುತ್ತ ನೋಡಿದರು. ಅವರು ಕಚೇರಿಯ ಕಾರಿನಲ್ಲಿ ಬಂದಿದ್ದರು. ಸಾಲಿನಲ್ಲಿ ಹಿಂದೆ ನಿಂತಿದ್ದ ಏಳೆಂಟು ಜನ ಬಸ್ಸಿನ ನಂಬರನ್ನು ಒಟ್ಟಿಗೆ ಹೇಳಿಕೊಟ್ಟರು. ಕಪಾಟಮ್ಮ ಬರೆದುಕೊಂಡು, ರಸೀದಿ ಹರಿದುಕೊಟ್ಟು, ಮುಂದಿನವರನ್ನು ಕರೆದಳು.